ಬೆರಳಿನ ಹೊಲಿಗೆಗೆ ಎಷ್ಟು ಎಳೆ, ಗಾಯಕ್ಕೆ ಎಷ್ಟು ವಾರ ರಜೆ?

ನಿಮ್ಮ ಎಡಗೈಯನ್ನು ಅಂಗಾತ ಮೇಜಿನ ಮೇಲಿಡಿ. ಬಲಗೈಯ ಎರಡು ಬೆರಳಿನಿಂದ ಎಡ ಮಣಿಕಟ್ಟನ್ನು ಮೆಲ್ಲಗೆ ಒತ್ತಿ ಹಿಡಿದು, ಎಡಗೈ ಬೆರಳುಗಳನ್ನು ಒಂದೊಂದಾಗಿ ಮಡಚಿ, ಬಿಡಿಸಿ. ಚರ್ಮದ ಕೆಳಗೆ ಹಗ್ಗದಂಥದ್ದೇನೋ ಹಿಂದೆ ಮುಂದೆ ಓಡಾಡೋದು ಗೊತ್ತಾಗುತ್ತೆ. ಬೆರಳಿನೊಳಗೆ ಅದನ್ನು ಮಡಚುವ ಸ್ನಾಯುವೇ ಇಲ್ಲ. ಸ್ನಾಯು ಇರೋದು ಮೊಣಕೈಗೂ ಮಣಿಕಟ್ಟಿಗೂ ನಡುವೆ. ಅಲ್ಲಿಂದ ಹೊರಟ ಹಗ್ಗ ಅಂಗೈ ದಾಟಿ ಬೆರಳಿನ ಮೂಳೆಗೆ ಬಂದು ಅಂಟಿಕೊಂಡಿದೆ. ಸ್ನಾಯು ಎಳೆದರೆ ಬೆರಳು ಮಡಚುತ್ತೆ, ಅಷ್ಟೇ.

ಈ ಹಗ್ಗಕ್ಕೆ ಪಠ್ಯಪುಸ್ತಕದಲ್ಲಿ ಸ್ನಾಯುರಜ್ಜು ಅನ್ನುತ್ತಾರೆ, ಆಸ್ಪತ್ರೆಯಲ್ಲಿ ಟೆಂಡನ್ ಅನ್ನುತ್ತಾರೆ. ನಾವು ಮಾತ್ರ 'ನರ' ಅಂದುಬಿಡ್ತೀವಿ. "ಮಚ್ಚು ಜಾರಿ ಕೈಯಿನ ನರ ಕಟ್ಟಾಯ್ತಂತೆ" ಅನ್ನೋ ಮಾತು ಕೇಳದವರು ಯಾರಿದ್ದಾರೆ? ನಿಜವಾದ ನರವೂ ಪಕ್ಕದಲ್ಲೇ ಹಾದುಹೋಗುತ್ತೆ, ಅದು ಕತ್ತರಿಸಿದರೆ ಬೆರಳು ಜೋಮು ಹಿಡಿಯುತ್ತೆ. ಟೆಂಡನ್ ಕತ್ತರಿಸಿದರೆ ಬೆರಳು ಮಡಚೋದೇ ಇಲ್ಲ. ಒಂದೇ ಏಟಿಗೆ ಎರಡೂ ಹೋಗೋದು ಮಾಮೂಲು. ಈ ಲೇಖನದಲ್ಲಿ ಟೆಂಡನ್ ಅಂತಲೇ ಬರೆಯುತ್ತೇನೆ, ಗೊಂದಲ ಬೇಡ.

ತುಂಡಾದ ಟೆಂಡನ್ನನ್ನು ಹೊಲಿದು ಕೂಡಿಸಬಹುದು. ಆದರೆ ಹೇಗೆ ಹೊಲಿಯಬೇಕು, ಯಾವ ಹೊಲಿಗೆ ಎಷ್ಟು ಗಟ್ಟಿ ಅನ್ನೋದರ ಮೇಲೆ ಒಂದು ಶತಮಾನದಿಂದ ಜಗಳ ನಡೆದಿದೆ. ಇದು ಸರ್ಜನ್ನರ ಒಳಮನೆಯ ವಿಷಯ, ರಾಜಕೀಯ ಓದುವ ನಮಗೇಕೆ ಅಂತ ಅನ್ನಿಸಬಹುದು. ಯಾರ ಬೆರಳು ಕತ್ತರಿಸುತ್ತೆ ಅಂತ ಒಮ್ಮೆ ಯೋಚಿಸಿ. ಎಳನೀರು ಕೊಚ್ಚುವವರು, ಶೀಟ್ ಮೆಟಲ್ ಎತ್ತುವವರು, ಗ್ರೈಂಡರ್ ಹಿಡಿದವರು, ಗುಜರಿಯಲ್ಲಿ ಗಾಜು ವಿಂಗಡಿಸುವವರು, ಮೀನು ಕೊಯ್ಯುವವರು, ಮಾಂಜಾ ದಾರಕ್ಕೆ ಕೈ ಕೊಟ್ಟ ಬೈಕ್ ಸವಾರರು. ದುಡಿಯುವ ಕೈಗೆ ಬೀಳುವ ಏಟು ಇದು. ಹೊಲಿಗೆಯ ಬಲದ ಲೆಕ್ಕ ಅರ್ಥವಾದರೆ ರಜೆಯ ಲೆಕ್ಕ, ಪರಿಹಾರದ ಲೆಕ್ಕ ಎಲ್ಲಿ ತಪ್ಪುತ್ತಿದೆ ಅನ್ನೋದೂ ಅರ್ಥವಾಗುತ್ತೆ.

ಟ್ಯೂಬಿನೊಳಗಿನ ಬ್ರೇಕ್ ವೈರ್

ಸೈಕಲ್ಲಿನ ಬ್ರೇಕ್ ವೈರ್ ನೋಡಿದ್ದೀರಲ್ಲ? ಒಳಗೆ ತಂತಿ, ಹೊರಗೆ ಟ್ಯೂಬು. ಬೆರಳಿನ ವ್ಯವಸ್ಥೆಯೂ ಹಾಗೇ. ಹೆಬ್ಬೆರಳು ಬಿಟ್ಟು ಪ್ರತಿ ಬೆರಳಿಗೂ ಮಡಚುವ ಟೆಂಡನ್ ಎರಡೆರಡು. ಒಂದು ನಡುಗಂಟನ್ನು ಮಡಚುತ್ತೆ, ಇನ್ನೊಂದು ಆಳದಲ್ಲಿ ಸಾಗಿ ತುದಿಗಂಟನ್ನು ಮಡಚುತ್ತೆ. ಎರಡೂ ಒಂದೇ ಕಿರಿದಾದ ಕೊಳವೆಯೊಳಗೆ ಮೈಗೆ ಮೈ ಉಜ್ಜಿಕೊಂಡು ಓಡಾಡಬೇಕು. ಟೆಂಡನ್ ಮೂಳೆಯಿಂದ ಮೇಲೆದ್ದು ಬಿಲ್ಲಿನ ಹೆದೆಯ ಹಾಗೆ ನಿಲ್ಲದಂತೆ ಕೊಳವೆಯ ಮೇಲೆ ಅಲ್ಲಲ್ಲಿ ಗಟ್ಟಿ ಪಟ್ಟಿಗಳಿವೆ. ಇವಕ್ಕೆ ಪುಲಿ ಅನ್ನುತ್ತಾರೆ.

ಈಗ ತುಂಡಾದ ಬ್ರೇಕ್ ವೈರಿಗೆ ಗಂಟು ಹಾಕಿದಿರಿ ಅಂದುಕೊಳ್ಳಿ. ಗಂಟು ಸಣ್ಣದಾದರೆ ಬ್ರೇಕ್ ಒತ್ತಿದಾಗ ಬಿಚ್ಚಿಕೊಳ್ಳುತ್ತೆ. ದೊಡ್ಡದಾದರೆ ಟ್ಯೂಬಿನೊಳಗೆ ಸಿಕ್ಕಿಕೊಳ್ಳುತ್ತೆ. ಟೆಂಡನ್ ಹೊಲಿಗೆಯ ಇಡೀ ಇತಿಹಾಸ ಈ ಎರಡು ವಾಕ್ಯಗಳ ನಡುವಿನ ಎಳೆದಾಟ. ಮೂರನೆಯ ತೊಂದರೆಯೊಂದಿದೆ, ಅದು ಸೈಕಲ್ಲಿಗಿಲ್ಲ: ಜೀವ ಇರುವ ಟೆಂಡನ್ ವಾಸಿಯಾಗುವಾಗ ಸುತ್ತಲಿನ ಗೋಡೆಗೂ ಅಂಟಿಕೊಳ್ಳುತ್ತೆ. ಅಲ್ಲಾಡಿಸದೆ ಇಟ್ಟರೆ ಕೊಳವೆಗೆ ಅಂಟಿ ಬೆರಳು ಮರಗಟ್ಟುತ್ತೆ. ಬೇಗ ಅಲ್ಲಾಡಿಸಿದರೆ ಹೊಲಿಗೆ ಕಿತ್ತುಬರಬಹುದು.

ಅಂಗೈಯ ಮೇಲುಗೆರೆಯಿಂದ ಬೆರಳಿನ ನಡುಮೂಳೆಯವರೆಗಿನ ಜಾಗವನ್ನು ಸರ್ಜನ್ನರು ಎರಡನೇ ವಲಯ ಅನ್ನುತ್ತಾರೆ. ಎರಡು ಟೆಂಡನ್‌ಗಳೂ ಒಂದೇ ಕೊಳವೆಯಲ್ಲಿ ಇಕ್ಕಟ್ಟಾಗಿರೋದು ಇಲ್ಲೇ. ಅಮೆರಿಕದ ಸ್ಟರ್ಲಿಂಗ್ ಬನ್ನೆಲ್, ಆಧುನಿಕ ಕೈ ಶಸ್ತ್ರಚಿಕಿತ್ಸೆಯ ಹಿರಿಯ, ಈ ಜಾಗಕ್ಕೆ 'ನೋ ಮ್ಯಾನ್ಸ್ ಲ್ಯಾಂಡ್' ಎಂಬ ಹೆಸರು ಅಂಟಿಸಿದ. ಮೊದಲ ಮಹಾಯುದ್ಧದ ಎರಡು ಕಂದಕಗಳ ನಡುವೆ ಕಾಲಿಟ್ಟವರು ಸಾಯುತ್ತಿದ್ದ ನೆಲದ ಹೆಸರದು. ಇಲ್ಲಿ ಟೆಂಡನ್ ತುಂಡಾದರೆ ಆಗಲೇ ಹೊಲಿಯಬೇಡಿ, ಚರ್ಮ ಮುಚ್ಚಿ, ಗಾಯ ಆರಿದ ಮೇಲೆ ಬೇರೆಡೆಯಿಂದ ಟೆಂಡನ್ ತಂದು ಕಸಿ ಮಾಡಿ ಅನ್ನೋದು ಆ ಕಾಲದ ನಿಯಮ. ಹೊಲಿದರೂ ಬೆರಳು ಗೂಟದ ಹಾಗೆ ನಿಲ್ಲುತ್ತಿತ್ತು, ಅದಕ್ಕೆ.

1941ರಲ್ಲಿ ಮೇಸನ್ ಮತ್ತು ಆ್ಯಲನ್ ಎಂಬಿಬ್ಬರು ನಾಯಿಗಳ ಮೇಲೆ ಮಾಡಿದ ಪ್ರಯೋಗ ಈ ಹೆದರಿಕೆಗೆ ಆಧಾರ ಕೊಟ್ಟಿತು. ಹೊಲಿದ ಟೆಂಡನ್ನಿನ ತುದಿಗಳು ಮೊದಲ ದಿನಗಳಲ್ಲಿ ಗಟ್ಟಿಯಾಗೋದಿಲ್ಲ, ಮೆತ್ತಗಾಗುತ್ತವೆ ಅಂತ ಅವರು ತೋರಿಸಿದರು. ಹಾಗಾಗಿ ಮೂರು ವಾರ ಕೈ ಅಲ್ಲಾಡಿಸಬೇಡಿ ಅನ್ನೋದು ವಾಡಿಕೆಯಾಯಿತು. ನಮ್ಮಲ್ಲಿ ಇವತ್ತಿಗೂ ಅನೇಕ ಕಡೆ ಟೆಂಡನ್ ಹೊಲಿದು ಕೈಗೆ ಪಿಓಪಿ ಹಾಕಿ "ಮೂರು ವಾರ ಬಿಟ್ಟು ಬನ್ನಿ" ಅನ್ನೋದು ಇದರ ಪಳೆಯುಳಿಕೆ.

ಈ ಗೋಡೆ ಬಿದ್ದಿದ್ದು 1960ರ ದಶಕದಲ್ಲಿ. ಸ್ವಿಟ್ಜರ್ಲೆಂಡಿನ ಕ್ಲೋಡ್ ವೆರ್ದಾನ್ ಆ ನಿಷಿದ್ಧ ಜಾಗದಲ್ಲೇ ನೇರವಾಗಿ ಹೊಲಿದ ಫಲಿತಾಂಶಗಳನ್ನು ಪ್ರಕಟಿಸಿದ. 1967ರಲ್ಲಿ ಅಮೆರಿಕದ ಲೂಯಿವಿಲ್ ಊರಿನ ಹೆರಾಲ್ಡ್ ಕ್ಲೈನರ್ಟ್ ತನ್ನ ರೋಗಿಗಳ ಲೆಕ್ಕವನ್ನು ಸರ್ಜನ್ನರ ಸಭೆಯ ಮುಂದಿಟ್ಟಾಗ ಅನುಮಾನಪಟ್ಟವರೇ ಹೆಚ್ಚು. ಅವನ ಗುಟ್ಟು ದಾರದಲ್ಲಷ್ಟೇ ಇರಲಿಲ್ಲ, ರಬ್ಬರ್ ಬ್ಯಾಂಡಿನಲ್ಲೂ ಇತ್ತು. ಬೆರಳ ಉಗುರಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಮಣಿಕಟ್ಟಿನ ಕಡೆಗೆ ಎಳೆದಿಡೋದು. ರೋಗಿ ಬೆರಳನ್ನು ತಾನೇ ನೀಡಬಹುದು, ಆದರೆ ಮಡಚುವ ಕೆಲಸವನ್ನು ರಬ್ಬರ್ ಮಾಡುತ್ತೆ. ಹೊಲಿಗೆಗೆ ಭಾರ ಬೀಳದೆ ಟೆಂಡನ್ ಕೊಳವೆಯೊಳಗೆ ಜಾರುತ್ತಲೇ ಇರುತ್ತೆ, ಅಂಟಿಕೊಳ್ಳೋದಕ್ಕೆ ಪುರಸೊತ್ತಿಲ್ಲ. ಮುಂದೆ 1980ರ ದಶಕದಲ್ಲಿ ರಿಚರ್ಡ್ ಗೆಲ್ಬರ್‌ಮನ್ ತಂಡ ನಾಯಿಗಳಲ್ಲಿ ತೋರಿಸಿದ್ದು ಇನ್ನೂ ದೊಡ್ಡ ಮಾತು: ಮೊದಲ ವಾರದಿಂದಲೇ ಮೆಲ್ಲಗೆ ಅಲ್ಲಾಡಿಸಿದ ಟೆಂಡನ್ ಚೆನ್ನಾಗಿ ಜಾರೋದಷ್ಟೇ ಅಲ್ಲ, ಕಟ್ಟಿಟ್ಟ ಟೆಂಡನ್ನಿಗಿಂತ ಬೇಗ ಗಟ್ಟಿಯೂ ಆಗುತ್ತೆ.

ಅಲ್ಲಿಗೆ ಪ್ರಶ್ನೆ ಬದಲಾಯಿತು. 'ಹೊಲಿಯಬೇಕಾ ಬೇಡವಾ' ಅನ್ನೋದು ಹೋಗಿ, 'ಮೊದಲ ವಾರವೇ ಬೆರಳು ಅಲ್ಲಾಡಿಸಿದರೆ ತಡೆದುಕೊಳ್ಳುವ ಹೊಲಿಗೆ ಯಾವುದು' ಅನ್ನೋದು ಬಂತು.

ಕೆಜಿ ಲೆಕ್ಕ

ಬೆರಳು ಮಡಚಲು ಟೆಂಡನ್ ಮೇಲೆ ಎಷ್ಟು ಎಳೆತ ಬೀಳುತ್ತೆ? 1992ರಲ್ಲಿ ಶುಂಡ್ ಮತ್ತು ಸಂಗಡಿಗರು ಇದನ್ನು ಜೀವಂತ ಮನುಷ್ಯರಲ್ಲೇ ಅಳೆದರು. ಮಣಿಕಟ್ಟಿನ ಸಣ್ಣ ಶಸ್ತ್ರಚಿಕಿತ್ಸೆಗೆ ಬಂದವರ ಟೆಂಡನ್ನಿಗೆ, ಆ ಜಾಗಕ್ಕಷ್ಟೇ ಅರಿವಳಿಕೆ ಕೊಟ್ಟಿದ್ದಾಗ, ಪುಟ್ಟ ಮಾಪಕ ಸಿಕ್ಕಿಸಿ ಬೆರಳು ಆಡಿಸಲು ಹೇಳಿದರು. ಬೇರೆಯವರು ಬೆರಳು ಹಿಡಿದು ಮಡಚಿದರೆ ಟೆಂಡನ್ ಮೇಲೆ ಬೀಳೋದು ಹೆಚ್ಚೆಂದರೆ ಸುಮಾರು 0.9 ಕೆಜಿ. ಏನನ್ನೂ ಹಿಡಿಯದೆ ತಾನೇ ಮಡಚಿದರೆ 3.5 ಕೆಜಿವರೆಗೆ. ಬೆರಳ ತುದಿಯಿಂದ ಹೆಬ್ಬೆರಳಿಗೆ ಒತ್ತಿ ಹಿಡಿದರೆ 12 ಕೆಜಿವರೆಗೆ. ಹತ್ತಿರ ಹತ್ತಿರ ಒಂದು ಕೊಡ ನೀರಿನ ಭಾರ, ಅದೂ ಪೆನ್ಸಿಲಿಗಿಂತ ತೆಳುವಾದ ಒಂದು ಹಗ್ಗದ ಮೇಲೆ. ಗಾಯವಾದ ಬೆರಳು ಊದಿಕೊಂಡಿರುತ್ತೆ ಬೇರೆ, ಹಾಗಾಗಿ ಅದೇ ಬೆರಳು ಮಡಚಲು ಇನ್ನಷ್ಟು ಬಲ ಬೇಕು.

ಈ ಅಂಕಿಗಳನ್ನು ಪಕ್ಕಕ್ಕಿಟ್ಟುಕೊಂಡು ಹೊಲಿಗೆಗಳ ಕಡೆ ಬನ್ನಿ.

ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರೋದು ಕೆಸ್ಲರ್ ಹೊಲಿಗೆ. ಇಸ್ರೇಲಿನ ಸರ್ಜನ್ ಇಸಿಡೋರ್ ಕೆಸ್ಲರ್ ಹೆಸರಿನದು, ಆಮೇಲೆ ಹಲವರು ತಿದ್ದಿದ್ದಾರೆ. ಇದರ ಹತ್ತಿರದ ಹೊಲಿಗೆಯನ್ನು ಕಿರ್ಶ್‌ಮೈರ್ ಎಂಬಾತ 1917ರಲ್ಲೇ ಬರೆದಿಟ್ಟಿದ್ದ. ದಾರ ಒಂದು ತುಂಡಿನೊಳಗೆ ಹೊಕ್ಕು, ಪಕ್ಕಕ್ಕೆ ತಿರುಗಿ, ಇನ್ನೊಂದು ತುಂಡಿಗೆ ದಾಟಿ, ಅಲ್ಲೂ ಹಾಗೇ ತಿರುಗಿ ವಾಪಸ್ ಬಂದು ಗಂಟು ಬೀಳುತ್ತೆ. ಕತ್ತರಿಸಿದ ಜಾಗವನ್ನು ದಾರ ಎರಡು ಸಲ ದಾಟಿತಲ್ಲ, ಅದಕ್ಕೆ ಇದು 'ಎರಡೆಳೆ' ಹೊಲಿಗೆ. ಮಾಮೂಲಿ ದಾರದಲ್ಲಿ ಹಾಕಿದ ಎರಡೆಳೆ ಹೊಲಿಗೆ ಲ್ಯಾಬಿನಲ್ಲಿ ಸುಮಾರು 2ರಿಂದ 3 ಕೆಜಿ ತಡೆಯುತ್ತೆ. ನಾಲ್ಕೆಳೆ 4ರಿಂದ 5. ಆರೆಳೆ 6 ಮತ್ತು ಮೇಲೆ. ಪ್ರಯೋಗದಿಂದ ಪ್ರಯೋಗಕ್ಕೆ ಅಂಕಿ ಬದಲಾಗುತ್ತೆ, ಯಾಕೆಂದರೆ ಒಬ್ಬರದು ಹಂದಿಯ ಟೆಂಡನ್, ಇನ್ನೊಬ್ಬರದು ಕುರಿಯದ್ದು, ಮತ್ತೊಬ್ಬರದು ಶವದ್ದು. ದಾರವೂ ಬೇರೆ ಬೇರೆ. ಆದರೆ ಎಳೆ ಹೆಚ್ಚಿದಷ್ಟೂ ಬಲ ಹೆಚ್ಚು ಎಂಬ ಒಂದು ವಿಷಯದಲ್ಲಿ ಎಲ್ಲರ ಲೆಕ್ಕವೂ ಒಂದೇ.

ಈಗ ಮೆತ್ತಗಾಗುವ ಲೆಕ್ಕ ಸೇರಿಸಿ. ಕಟ್ಟಿಟ್ಟ ಟೆಂಡನ್ನಿನಲ್ಲಿ ಮೊದಲ ಒಂದೆರಡು ವಾರ ಹೊಲಿಗೆಯ ಬಲ ಅರ್ಧದಷ್ಟು ಇಳಿಯಬಹುದು. ಎರಡೂವರೆ ಕೆಜಿ ತಡೆಯುವ ಹೊಲಿಗೆ ಒಂದೂಕಾಲಿಗೆ ಇಳಿದರೆ, ಬರಿಗೈ ಮಡಚಲು ಬೇಕಾಗುವ ಮೂರೂವರೆ ಕೆಜಿಯ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಹಾಗಾಗಿ ಎರಡೆಳೆ ಹಾಕಿದ ಕೈಗೆ ರಬ್ಬರ್ ಬ್ಯಾಂಡೋ, ಇನ್ನೊಬ್ಬರ ಸಹಾಯವೋ ಬೇಕೇ ಬೇಕು. ನಾಲ್ಕೆಳೆ ಹಾಕಿ ಸುತ್ತ ಇನ್ನೊಂದು ಹೊಲಿಗೆ ಸೇರಿಸಿದರೆ ರೋಗಿ ತಾನೇ ಮೆಲ್ಲಗೆ ಬೆರಳು ಮಡಚಬಹುದು. ಇವತ್ತು ಕನಿಷ್ಠ ನಾಲ್ಕೆಳೆ ಇರಲಿ ಅಂತ ಕೈ ಸರ್ಜನ್ನರಲ್ಲಿ ಬಹುಪಾಲು ಜನ ಹೇಳೋದು ಈ ಗಣಿತದಿಂದಲೇ.

ಹಾಗಾದರೆ ಎಂಟೆಳೆ, ಹತ್ತೆಳೆ ಹಾಕಿಬಿಡಬಹುದಲ್ಲ? ಬ್ರೇಕ್ ವೈರ್ ನೆನಪಿಸಿಕೊಳ್ಳಿ. 1985ರಲ್ಲಿ ರಾಬರ್ಟ್ ಸ್ಯಾವೇಜ್ ಆರೆಳೆಯ ಹೊಲಿಗೆ ಕೊಟ್ಟಾಗ ಅದರ ಬಲದ ಬಗ್ಗೆ ಯಾರಿಗೂ ತಕರಾರಿರಲಿಲ್ಲ, ಹಾಕುವ ಕಷ್ಟದ ಬಗ್ಗೆ ಇತ್ತು. ಸೂಜಿ ಹೆಚ್ಚು ಸಲ ಚುಚ್ಚಿದಷ್ಟೂ ಟೆಂಡನ್ ನಲುಗುತ್ತೆ, ಹೊಲಿದ ಜಾಗ ದಪ್ಪಗಾಗುತ್ತೆ, ಪುಲಿಗೆ ಉಜ್ಜುತ್ತೆ. ಜಪಾನಿನ ಕೆನ್ಯಾ ತ್ಸುಗೆ 1970ರ ದಶಕದಲ್ಲೇ ಒಂದು ಜಾಣತನ ಮಾಡಿದ್ದ: ಸೂಜಿಗೆ ಒಂಟಿ ದಾರದ ಬದಲು ಜೋಡಿದಾರದ ಕುಣಿಕೆ. ಒಂದು ಸಲ ದಾಟಿದರೆ ಎರಡು ಎಳೆ ಸಿಕ್ಕಿತು. ಲಿಮ್ ಮತ್ತು ಸಾಯ್, ಚೀನಾದ ನಾನ್‌ಟಾಂಗ್‌ನ ಜಿನ್ ಬೋ ಟಾಂಗ್ ಇದೇ ಕುಣಿಕೆ ಬಳಸಿ ಆರೆಳೆಯ ಹೊಲಿಗೆಗಳನ್ನು ಸುಲಭ ಮಾಡಿದರು.

ಬಲ ಬರೋದು ಎಳೆಗಳ ಸಂಖ್ಯೆಯಿಂದ ಮಾತ್ರ ಅಲ್ಲ. ಟೆಂಡನ್ ಬಾಳೆನಾರಿನ ಹಾಗೆ, ಉದ್ದುದ್ದ ಎಳೆಗಳ ಕಟ್ಟು. ಉದ್ದಕ್ಕೇ ಸಾಗಿದ ದಾರ ಎಳೆದರೆ ಬಾಚಣಿಗೆ ಕೂದಲಿಂದ ಜಾರುವಂತೆ ಜಾರಿ ಬರುತ್ತೆ. ಹೂ ಕಟ್ಟೋದನ್ನು ನೋಡಿ: ಅಜ್ಜಿಯರು ದಾರವನ್ನು ಹೂವಿನ ತೊಟ್ಟಿನ ಪಕ್ಕ ಸುಮ್ಮನೆ ಹಾಯಿಸೋದಿಲ್ಲ, ತೊಟ್ಟಿನ ಸುತ್ತ ಕುಣಿಕೆ ಹಾಕಿ ಬಿಗಿಯುತ್ತಾರೆ. ಎಳೆದಷ್ಟೂ ಕುಣಿಕೆ ಬಿಗಿಯಾಗುತ್ತೆ. ಬಿಗಿಯುವ ಹೊಲಿಗೆಗೂ ಬರೀ ಹಿಡಿಯುವ ಹೊಲಿಗೆಗೂ ಇರುವ ವ್ಯತ್ಯಾಸ ಇದೇ. 1979ರಲ್ಲಿ ಪೆನ್ನಿಂಗ್‌ಟನ್ ಎಂಬಾತ ಇದನ್ನು ವಿವರಿಸಿದ. ಹಾಗೇ ದಾರದ ದಪ್ಪ. ದಾರದ ಅಳತೆಯಲ್ಲಿ ಸೊನ್ನೆ ಹೆಚ್ಚಾದಷ್ಟೂ ದಾರ ತೆಳು. 4-0 ಬದಲು 3-0 ಹಾಕಿದರೆ ಅದೇ ವಿನ್ಯಾಸ ಗಮನಾರ್ಹವಾಗಿ ಗಟ್ಟಿಯಾಗುತ್ತೆ. ಕತ್ತರಿಸಿದ ಅಂಚಿನಿಂದ 7ರಿಂದ 10 ಮಿಲಿಮೀಟರ್ ಹಿಂದೆ ಹೋಗಿ ಹಿಡಿಯಬೇಕು, ಅಂಚಿನಲ್ಲೇ ಹಿಡಿದರೆ ಬಟ್ಟೆಯ ಅಂಚು ಹರಿದಂತೆ ಹರಿಯುತ್ತೆ. ಇವೆಲ್ಲ ದರ್ಜಿಗೆ ಹೇಳಿಕೊಡಬೇಕಿಲ್ಲ, ಆತನಿಗೆ ಗೊತ್ತಿರುತ್ತೆ.

ಇನ್ನು ಎಲ್ಲರೂ ಕಡೆಗಣಿಸುವ ಸಣ್ಣ ಹೊಲಿಗೆ. ಒಳಗಿನ ಮುಖ್ಯ ಹೊಲಿಗೆ ಮುಗಿದ ಮೇಲೆ 6-0 ಅಳತೆಯ ಕೂದಲೆಳೆಯಂಥ ದಾರದಲ್ಲಿ ಟೆಂಡನ್ನಿನ ಹೊರಮೈ ಸುತ್ತ ಓಡುಹೊಲಿಗೆ ಹಾಕುತ್ತಾರೆ. ಮೊದಮೊದಲು ಇದು ಅಂದಕ್ಕೆ, ಅಂಚು ನಯವಾಗಲಿ ಅಂತ ಹಾಕುತ್ತಿದ್ದದ್ದು. ಅಳೆದು ನೋಡಿದರೆ ಇದು ಹೊಲಿಗೆಯ ಬಲವನ್ನು ಶೇ. 10ರಿಂದ 50ರವರೆಗೆ ಹೆಚ್ಚಿಸುತ್ತೆ. ಬಲಕ್ಕಿಂತ ಮುಖ್ಯ, ಇದು ಬಿರುಕನ್ನು ತಡೆಯುತ್ತೆ. ಹೊಲಿಗೆ ಪೂರ್ತಿ ಕಿತ್ತುಹೋಗದೆಯೂ ಎರಡು ತುದಿಗಳ ನಡುವೆ ಸಂದು ಬಿಡಬಹುದು. 1999ರಲ್ಲಿ ಗೆಲ್ಬರ್‌ಮನ್ ತಂಡ ನಾಯಿಗಳಲ್ಲಿ ಕಂಡದ್ದು: ಸಂದು 3 ಮಿಲಿಮೀಟರ್ ದಾಟಿದರೆ, ಆರು ವಾರ ಕಳೆದರೂ ಟೆಂಡನ್ ಬಲ ಗಳಿಸಲಿಲ್ಲ. ಸಂದು ಅದಕ್ಕಿಂತ ಕಡಿಮೆ ಇದ್ದವು ದಿನದಿನಕ್ಕೆ ಗಟ್ಟಿಯಾದವು. ಹಾಗಾಗಿ ಎಷ್ಟು ಕೆಜಿಗೆ ಹೊಲಿಗೆ ಕಿತ್ತುಬರುತ್ತೆ ಅಂತ ಮಾತ್ರ ಹೇಳಿ ಸುಮ್ಮನಾಗುವ ಹೋಲಿಕೆಯನ್ನು ಪೂರ್ತಿ ನಂಬಬೇಡಿ. ಎಷ್ಟು ಕೆಜಿಗೆ ಸಂದು ಬಿಡುತ್ತೆ, ನೂರಾರು ಸಲ ಎಳೆದು ಬಿಟ್ಟಮೇಲೆ ಏನಾಗುತ್ತೆ ಅಂತಲೂ ಕೇಳಬೇಕು.

ಲ್ಯಾಬಿನಲ್ಲಿ ಗೆದ್ದದ್ದು ವಾರ್ಡಿನಲ್ಲಿ?

ಇಲ್ಲೊಂದು ಮುಜುಗರದ ಸಂಗತಿಯಿದೆ. ಯಂತ್ರದಲ್ಲಿ ಎಳೆದಾಗ ಆರೆಳೆ ನಾಲ್ಕೆಳೆಯನ್ನೂ, ನಾಲ್ಕೆಳೆ ಎರಡೆಳೆಯನ್ನೂ ನಿರಾಯಾಸವಾಗಿ ಸೋಲಿಸುತ್ತೆ. ಆದರೆ ರೋಗಿಗಳ ಫಲಿತಾಂಶಗಳನ್ನು ಒಟ್ಟುಹಾಕಿ ನೋಡಿದಾಗ ಗೆಲುವು ಅಷ್ಟು ಸ್ಪಷ್ಟವಾಗಿ ಕಾಣೋದಿಲ್ಲ. 2012ರಲ್ಲಿ ಪ್ರಕಟವಾದ ಒಂದು ಸಮಗ್ರ ಸಮೀಕ್ಷೆಯಲ್ಲಿ ಹೊಲಿಗೆ ಕಿತ್ತುಹೋದದ್ದು ಸುಮಾರು ಶೇ. 4, ಅಂಟಿಕೊಂಡದ್ದು ಶೇ. 4, ಮತ್ತೆ ಶಸ್ತ್ರಚಿಕಿತ್ಸೆ ಬೇಕಾದದ್ದು ಶೇ. 6. ಒಳಹೊಲಿಗೆಯ ವಿನ್ಯಾಸ ಯಾವುದು ಅನ್ನೋದಕ್ಕೂ ಕಿತ್ತುಹೋಗೋದಕ್ಕೂ ಗಟ್ಟಿ ಸಂಬಂಧ ಸಿಗಲಿಲ್ಲ. ಮರುಶಸ್ತ್ರಚಿಕಿತ್ಸೆಯ ಸಾಧ್ಯತೆಯನ್ನು ಬಹಳ ಮಟ್ಟಿಗೆ ಇಳಿಸಿದ್ದು ಆ ಕೂದಲೆಳೆಯ ಓಡುಹೊಲಿಗೆ!

ಇದರಿಂದ ಎರಡೆಳೆಯೇ ಸಾಕು ಅಂತ ತೀರ್ಮಾನಿಸಿದರೆ ತಪ್ಪಾಗುತ್ತೆ. ಗಟ್ಟಿ ಹೊಲಿಗೆ ಹಾಕಿದವರು ಬೆರಳನ್ನು ಹೆಚ್ಚು ಆಡಿಸಲು ಬಿಡುತ್ತಾರೆ, ಮೆತ್ತನೆಯದಕ್ಕೆ ಹೆಚ್ಚು ಕಾವಲಿಡುತ್ತಾರೆ. ಕಿತ್ತುಬರುವ ಪ್ರಮಾಣ ಎರಡರಲ್ಲೂ ಹತ್ತಿರ ಹತ್ತಿರ ಬರೋದು ಸಹಜ. ಹೊಲಿದವರ ಕೈಯೂ ಒಂದೇ ಅಲ್ಲ. ನನ್ನ ಪ್ರಕಾರ ಎಳೆಗಳ ಲೆಕ್ಕವನ್ನು ಹೀಗೆ ಓದಬೇಕು: ಬಲವಾದ ಹೊಲಿಗೆ ಅಂದರೆ ಬೇಗ ಬೆರಳು ಆಡಿಸಲು ಸಿಕ್ಕ ಪರವಾನಗಿ. ಆ ಪರವಾನಗಿಯನ್ನು ಬಳಸಲು ರೋಗಿಗೆ ಸಮಯ, ಹೇಳಿಕೊಡುವ ಥೆರಪಿಸ್ಟ್ ಇಲ್ಲದಿದ್ದರೆ ಆರೆಳೆ ಹಾಕಿ ಪಿಓಪಿಯೊಳಗೆ ಮೂರು ವಾರ ಮುಚ್ಚಿಟ್ಟಂತೆ. ದುಬಾರಿ ದಾರ ದಂಡ.

ಪಕ್ಕದ ತಮಿಳುನಾಡಿನಲ್ಲಿ ಈ ಮಾತನ್ನು ಬಹಳ ಹಿಂದೆಯೇ ಅರ್ಥ ಮಾಡಿಕೊಂಡವರಿದ್ದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಪಾಲ್ ಬ್ರಾಂಡ್ 1940ರ ದಶಕದ ಕೊನೆಯಲ್ಲಿ ಕುಷ್ಠದಿಂದ ಬೆರಳು ಸೊಟ್ಟಗಾದವರಿಗೆ ಟೆಂಡನ್ ಸ್ಥಳಾಂತರಿಸುವ ಶಸ್ತ್ರಚಿಕಿತ್ಸೆ ಶುರು ಮಾಡಿದರು. ಆಪರೇಷನ್ ಆದರಷ್ಟೇ ಸಾಲದು, ಆ ಕೈಗೆ ಅಭ್ಯಾಸ ಬೇಕು, ಕೆಲಸ ಬೇಕು ಅಂತ ಕಂಡು ಪುನರ್ವಸತಿಯನ್ನೂ ಚಿಕಿತ್ಸೆಯ ಭಾಗ ಮಾಡಿದರು. ಚೆನ್ನೈನ ಸರ್ಕಾರಿ ಸ್ಟ್ಯಾನ್ಲಿ ಆಸ್ಪತ್ರೆಯಲ್ಲಿ ಆರ್. ವೆಂಕಟಸ್ವಾಮಿ ಕೈ ಶಸ್ತ್ರಚಿಕಿತ್ಸೆಗೇ ಒಂದು ವಿಭಾಗ ಕಟ್ಟಿದರು, ಅದರ ಹೆಸರಿನಲ್ಲೂ ಪುನರ್ವಸತಿ ಇದೆ. ಹೊಲಿಗೆ ಮತ್ತು ಆಮೇಲಿನ ವಾರಗಳನ್ನು ಬೇರೆ ಮಾಡಿ ನೋಡಬಾರದು ಅನ್ನೋದು ವಿದೇಶದಿಂದ ಬರಬೇಕಾದ ಪಾಠವೇನಲ್ಲ.

ಎಚ್ಚರವಿರುವ ರೋಗಿ

ಇತ್ತೀಚಿನ ವರ್ಷಗಳಲ್ಲಿ ಈ ಕ್ಷೇತ್ರದಲ್ಲಿ ಆದ ಬದಲಾವಣೆಗಳಲ್ಲಿ ನನಗೆ ತುಂಬ ಹಿಡಿಸಿದ್ದು ಹೊಸ ದಾರವಲ್ಲ. ಕೆನಡಾದ ಸೇಂಟ್ ಜಾನ್ ಊರಿನ ಡೊನಾಲ್ಡ್ ಲಲೋಂಡ್ ಜನಪ್ರಿಯಗೊಳಿಸಿದ, ರೋಗಿಯನ್ನು ಪೂರ್ತಿ ಎಚ್ಚರವಾಗಿಟ್ಟೇ ಹೊಲಿಯುವ ವಿಧಾನ. ಲಿಗ್ನೊಕೇನ್ ಜೊತೆಗೆ ಅಡ್ರಿನಲಿನ್ ಬೆರೆಸಿ ಕೈಗಷ್ಟೇ ಚುಚ್ಚುತ್ತಾರೆ. ನೋವಿಲ್ಲ, ರಕ್ತವೂ ಹೆಚ್ಚು ಬರೋಲ್ಲ, ತೋಳಿಗೆ ಬಿಗಿಯಾದ ಪಟ್ಟಿ ಕಟ್ಟುವ ಅಗತ್ಯವೂ ಇಲ್ಲ. ಬೆರಳಿಗೆ ಅಡ್ರಿನಲಿನ್ ಚುಚ್ಚಿದರೆ ಬೆರಳು ಕೊಳೆತುಹೋಗುತ್ತೆ ಅಂತ ತಲೆಮಾರುಗಳ ವೈದ್ಯರು ಕಲಿತಿದ್ದರು. 2005ರಲ್ಲಿ ಲಲೋಂಡ್ ಮತ್ತು ಸಂಗಡಿಗರು 3,110 ಮಂದಿಯ ಲೆಕ್ಕ ಪ್ರಕಟಿಸಿದರು. ಒಂದು ಬೆರಳೂ ಹೋಗಿರಲಿಲ್ಲ.

ಹೊಲಿಗೆಯ ಬಲಕ್ಕೂ ಇದಕ್ಕೂ ಏನು ಸಂಬಂಧ? ಹೊಲಿದ ಮೇಲೆ ಚರ್ಮ ಮುಚ್ಚುವ ಮೊದಲು ಸರ್ಜನ್ "ಈಗ ಬೆರಳು ಮಡಚಿ ನೋಡೋಣ" ಅಂತಾರೆ. ರೋಗಿ ಮಡಚುತ್ತಾರೆ. ಸಂದು ಬಿಟ್ಟರೆ ಕಣ್ಣೆದುರಿಗೇ ಕಾಣುತ್ತೆ, ಅಲ್ಲೇ ಇನ್ನೊಂದು ಎಳೆ ಸೇರಿಸುತ್ತಾರೆ. ಪುಲಿಗೆ ಸಿಕ್ಕಿಕೊಂಡರೆ ಅದನ್ನು ಒಂಚೂರು ಸಡಿಲಿಸುತ್ತಾರೆ. ಪುಲಿ ಮುಟ್ಟಲೇಬಾರದು ಅನ್ನೋದು ಹಳೇ ನಂಬಿಕೆ; ಬೇಕಾದಷ್ಟು ಮಾತ್ರ ಬಿಡಿಸಿದರೆ ತೊಂದರೆಯಿಲ್ಲ ಅಂತ ಟಾಂಗ್ ಮತ್ತಿತರರು ತೋರಿಸಿದ್ದಾರೆ. ಅಂದರೆ ಲ್ಯಾಬಿನ ಯಂತ್ರ ಮಾಡುತ್ತಿದ್ದ ಪರೀಕ್ಷೆಯನ್ನು ರೋಗಿಯೇ ಟೇಬಲ್ ಮೇಲೆ ಮಾಡುತ್ತಾರೆ, ತನ್ನದೇ ಸ್ನಾಯುವಿನ ಬಲದಲ್ಲಿ. ತನ್ನ ಬೆರಳು ಮಡಚೋದನ್ನು ಕಣ್ಣಾರೆ ಕಂಡವರು ಆಮೇಲಿನ ವ್ಯಾಯಾಮವನ್ನೂ ನಂಬಿ ಮಾಡುತ್ತಾರೆ.

ಔಷಧ ಅಗ್ಗ. ಪೂರ್ತಿ ಅರಿವಳಿಕೆ ಬೇಡ, ಅದಕ್ಕೆ ಬೇಕಾದ ತಜ್ಞರಿಗಾಗಿ ಕಾಯೋದೂ ಬೇಡ. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಿಗೆ ಇದಕ್ಕಿಂತ ಹೊಂದುವ ತಂತ್ರ ಇನ್ನೊಂದಿಲ್ಲ. ಬೇಕಾಗಿರೋದು ತರಬೇತಿ ಮತ್ತು ಕಲಿಸುವ ಮನಸ್ಸು.

'ಮಾತು ಕೇಳದ ರೋಗಿ'

ಹೊಲಿಗೆ ಕಿತ್ತುಹೋಗಲು ಕಾರಣ ಏನು ಅಂತ ವೈದ್ಯಕೀಯ ಬರಹಗಳಲ್ಲಿ ನೋಡಿದರೆ ಒಂದು ಪದ ಮತ್ತೆ ಮತ್ತೆ ಬರುತ್ತೆ: ನಾನ್-ಕಂಪ್ಲಯನ್ಸ್. ಹೇಳಿದ ಮಾತು ಕೇಳದಿರೋದು. ಸ್ಪ್ಲಿಂಟ್ ಬಿಚ್ಚಿದರು, ಭಾರ ಎತ್ತಿದರು, ಹೇಳಿದ ದಿನ ಬರಲಿಲ್ಲ.

ಮಾತು ಕೇಳಲು ಏನೇನು ಬೇಕು ಅಂತ ಒಮ್ಮೆ ಲೆಕ್ಕ ಹಾಕೋಣ. ಸಾಮಾನ್ಯವಾಗಿ ಐದಾರು ವಾರ ಸ್ಪ್ಲಿಂಟ್. ದಿನಕ್ಕೆ ಹಲವು ಸಲ, ಗಂಟೆಗೊಮ್ಮೆ ಅನ್ನೋ ಹಾಗೆ ಬೆರಳಿನ ವ್ಯಾಯಾಮ. ವಾರವಾರ ಥೆರಪಿಸ್ಟ್ ಭೇಟಿ. ಎಂಟನೇ ವಾರದ ಹೊತ್ತಿಗೆ ಹಗುರ ಕೆಲಸ. ಭಾರದ ಕೆಲಸ 12 ವಾರಗಳ ನಂತರ. ಮನೆಗೆಲಸದ ಮಹಿಳೆ ಮೂರು ತಿಂಗಳು ಪಾತ್ರೆ ತೊಳೆಯಬಾರದು, ಬಟ್ಟೆ ಹಿಂಡಬಾರದು. ಕಟ್ಟಡ ಕೆಲಸದವನು ಬಾಂಡ್ಲಿ ಎತ್ತಬಾರದು. ಡೆಲಿವರಿ ಹುಡುಗ ಬೈಕಿನ ಕ್ಲಚ್ ಹಿಡಿಯಬಾರದು. ಹಿಡಿದರೆ ಎಷ್ಟು ಕೆಜಿ ಬೀಳುತ್ತೆ ಅಂತ ಮೇಲೆ ನೋಡಿದಿರಲ್ಲ, ನಾಲ್ಕೆಳೆಯೂ ತಡೆಯೋಲ್ಲ.

ಕಂಪನಿಯ ಮ್ಯಾನೇಜರ್ ಬೆರಳು ಕತ್ತರಿಸಿಕೊಂಡರೆ ಇದೇ 12 ವಾರ ಒಂದು ಅನಾನುಕೂಲ. ದಿನಗೂಲಿಯವರಿಗೆ ಅದೇ 12 ವಾರ ಹಸಿವು, ಸಾಲ. ಮೂರನೇ ವಾರ ಸ್ಪ್ಲಿಂಟ್ ಬಿಚ್ಚಿ ಕೆಲಸಕ್ಕೆ ಹೋದವರನ್ನು 'ಮಾತು ಕೇಳದವರು' ಅಂತ ಕೇಸ್ ಶೀಟಿನಲ್ಲಿ ಬರೆಯೋದು ಸುಲಭ. ಆ ಪದ ವರ್ಗವನ್ನು ಸ್ವಭಾವ ಅಂತ ತಪ್ಪಾಗಿ ಓದುತ್ತದೆ. ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಿಂದ ಟಿಕೆಟ್ ಖರ್ಚು ಉಳಿದಿದೆ, ಥೆರಪಿಗೆ ಹೋಗಿಬರೋದಕ್ಕೆ ಅದು ನಿಜವಾದ ಅನುಕೂಲ. ಆದರೆ ಆ ದಿನದ ಕೂಲಿ ಯಾರು ಕೊಡ್ತಾರೆ?

ಇಎಸ್ಐ ಇದ್ದವರಿಗೆ ಉತ್ತರ ಇದೆ. ಕೆಲಸದಲ್ಲಿ ಆದ ಗಾಯದಿಂದ ದುಡಿಯಲಾಗದಿರುವಷ್ಟು ಕಾಲ ವೇತನದ ಶೇ. 90ರ ದರದಲ್ಲಿ ತಾತ್ಕಾಲಿಕ ಅಶಕ್ತತಾ ಭತ್ಯೆ. ಆದರೆ ಅದಕ್ಕೆ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಯಲ್ಲಿರಬೇಕು, ತಿಂಗಳ ವೇತನ 21,000 ರೂಪಾಯಿಯ ಮಿತಿಯೊಳಗಿರಬೇಕು, ಎಲ್ಲಕ್ಕಿಂತ ಮೊದಲು ಮಾಲೀಕ ಹೆಸರು ನೋಂದಾಯಿಸಿರಬೇಕು. ಎಳನೀರು ಮಾರುವವರು, ಮನೆಗೆಲಸದವರು, ಕೃಷಿ ಕೂಲಿಗಳು ಈ ಬೇಲಿಯ ಆಚೆಗಿದ್ದಾರೆ.

ಪರಿಹಾರದ ಕಾನೂನು ಬೆರಳನ್ನು ನೋಡುವ ರೀತಿ ಇನ್ನೂ ವಿಚಿತ್ರ. 2025ರವರೆಗೆ ಜಾರಿಯಲ್ಲಿದ್ದ ಉದ್ಯೋಗಿಗಳ ಪರಿಹಾರ ಕಾಯ್ದೆ, 1923ರ ಮೊದಲ ಅನುಸೂಚಿಯಲ್ಲಿ ಗಾಯಗಳ ಪಟ್ಟಿಯಿತ್ತು. ತೋರುಬೆರಳು ಪೂರ್ತಿ ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ ಶೇ. 14 ನಷ್ಟ. ನಡುಬೆರಳಿಗೆ ಶೇ. 12. ಉಂಗುರ ಅಥವಾ ಕಿರುಬೆರಳಿಗೆ ಶೇ. 7. ಹೆಬ್ಬೆರಳಿಗೆ ಶೇ. 30. ಪಟ್ಟಿ ಇಡೀ ಕತ್ತರಿಸಿ ಹೋದ ಬೆರಳಿನ ಭಾಷೆಯಲ್ಲಿತ್ತು. ಬೆರಳು ಇದ್ದೂ ಪೂರ್ತಿ ನಿಷ್ಪ್ರಯೋಜಕವಾದರೆ ಅದನ್ನೂ ಹೋದಂತೆಯೇ ಎಣಿಸಬೇಕು ಅಂತ ಕೊನೆಗೊಂದು ಟಿಪ್ಪಣಿ ಇತ್ತು. ಆದರೆ ಟೆಂಡನ್ ಗಾಯದ ಫಲಿತಾಂಶ ಬಹಳ ಸಲ ನಡುವಿನದು: ಬೆರಳು ಇದೆ, ಅರ್ಧ ಮಡಚುತ್ತೆ, ಸ್ಪ್ಯಾನರ್ ಹಿಡಿಯೋಕೆ ಬಿಗಿ ಸಿಗೋಲ್ಲ. ಇದು ಪಟ್ಟಿಯಲ್ಲಿರಲಿಲ್ಲ. ಹಾಗಾಗಿ ಎಷ್ಟು ನಷ್ಟ ಅನ್ನೋದನ್ನು ವೈದ್ಯರು ಅಂದಾಜಿಸಿ ಬರೆಯಬೇಕು, ಅದರ ಮೇಲೆ ವಾದ ನಡೆಯಬೇಕು. ವಿಪರ್ಯಾಸ ನೋಡಿ, ಬೆರಳು ಕಳೆದುಕೊಂಡವರ ಹಕ್ಕು ಒಂದೇ ಸಾಲಿನಲ್ಲಿ ಮುಗಿಯುತ್ತೆ, ಬೆರಳು ಉಳಿಸಿಕೊಂಡವರು ಕಾಗದ ಹಿಡಿದು ಅಲೆಯಬೇಕು.

ಕೊನೆಯದಾಗಿ, ಗೆಳೆಯರಿಗೋ ಸಹೋದ್ಯೋಗಿಗೋ ಹೀಗಾದರೆ ತಿಳಿದಿರಬೇಕಾದ ಕೆಲವು ವಿಷಯಗಳು. ಬೆರಳಿನ ಒಳಮೈ ಅಥವಾ ಅಂಗೈಯಲ್ಲಿ ಗಾಯವಾದರೆ, ಎಷ್ಟೇ ಸಣ್ಣದಿರಲಿ, ಕ್ಲಿನಿಕ್ಕಿನಲ್ಲಿ ಚರ್ಮಕ್ಕೆ ಎರಡು ಸ್ಟಿಚ್ ಹಾಕಿಸಿಕೊಂಡು ಮನೆಗೆ ಬಂದುಬಿಡಬೇಡಿ. ನಡುಗಂಟನ್ನು ನೇರವಾಗಿ ಹಿಡಿದು ತುದಿಗಂಟು ಮಾತ್ರ ಮಡಚಲು ಆಗುತ್ತಾ ನೋಡಿ. ಉಳಿದ ಬೆರಳುಗಳನ್ನು ನೇರವಾಗಿ ಹಿಡಿದು ಗಾಯದ ಬೆರಳಿನ ನಡುಗಂಟು ಮಡಚುತ್ತಾ ನೋಡಿ. ಒಂದು ಆಗದಿದ್ದರೂ ಒಳಗೆ ಟೆಂಡನ್ ತುಂಡಾಗಿರಬಹುದು, ಅದನ್ನು ಕೈ ಶಸ್ತ್ರಚಿಕಿತ್ಸೆ ಗೊತ್ತಿರುವ ಆರ್ಥೋಪೆಡಿಕ್ ಅಥವಾ ಪ್ಲಾಸ್ಟಿಕ್ ಸರ್ಜನ್ ನೋಡಬೇಕು. ನಡುರಾತ್ರಿಯೇ ಹೊಲಿಯಬೇಕು ಅಂತಿಲ್ಲ, ಗಾಯ ತೊಳೆದು ಕೆಲವು ದಿನಗಳೊಳಗೆ ಅನುಭವಿಗಳ ಕೈಯಲ್ಲಿ ಹೊಲಿಸಿದರೆ ಸಾಕು. ಆದರೆ ವಾರಗಳು ಉರುಳಿದರೆ ತುಂಡಾದ ತುದಿ ಹಿಂದಕ್ಕೆ ಸರಿದು, ಸ್ನಾಯು ಕುಗ್ಗಿ, ಎರಡು ಹಂತದ ಕಸಿಯೇ ಗತಿಯಾಗಬಹುದು.

ಡಿಸ್ಚಾರ್ಜ್ ಮಾಡುವಾಗ ಸಾರಾಂಶದ ಹಾಳೆಯಲ್ಲಿ ಮೂರು ವಿಷಯ ಬರೆಸಿಕೊಳ್ಳಿ: ಎಷ್ಟು ಎಳೆಯ ಹೊಲಿಗೆ, ಯಾವ ದಿನದಿಂದ ಯಾವ ವ್ಯಾಯಾಮ, ಯಾವ ವಾರದವರೆಗೆ ಭಾರದ ಕೆಲಸ ನಿಷಿದ್ಧ. ಮೊದಲೆರಡು ಥೆರಪಿಸ್ಟಿಗೆ ಬೇಕು. ಮೂರನೆಯದು ರಜೆ ಕೇಳುವಾಗ ಬೇಕು, ಭತ್ಯೆ ಕೇಳುವಾಗ ಬೇಕು, ನಾಳೆ ಪರಿಹಾರದ ಕಚೇರಿಯಲ್ಲಿ "ನೀವೇ ಬೇಗ ಕೆಲಸಕ್ಕೆ ಹೋದಿರಲ್ಲ" ಅಂದಾಗ, ಯಾರು ಕರೆದರು ಅಂತ ತೋರಿಸೋದಕ್ಕೂ ಬೇಕು.